‘ನೀರು ಹೋಯಿತಲ್ಲ, ಗುಣವಾಯಿತು’: ಹೃದಯ ವೈಫಲ್ಯದ ಒಂದು ಪ್ರಕರಣ ಅಧ್ಯಯನ

ಉಡುಪಿಯ ಆಸ್ಪತ್ರೆಯೊಂದರ ಹೃದ್ರೋಗ ವಾರ್ಡಿನಲ್ಲಿ, ಬಿಡುಗಡೆಯಾಗಿ ಮನೆಗೆ ಹೊರಡುವ ರೋಗಿಗಳಿಗೆ ಮುಂದಿನ ಆರೈಕೆಯ ತಿಳಿವಳಿಕೆ ಹೇಳುವುದು ನನ್ನ ಕೆಲಸಗಳಲ್ಲಿ ಒಂದು. ನಾನು ಚೆನ್ನಾಗಿಯೇ ಹೇಳಿಕೊಟ್ಟಿದ್ದೇನೆಂದು ನಂಬಿ ಕಳುಹಿಸಿದ ಒಬ್ಬರು ಹತ್ತೊಂಬತ್ತೇ ದಿನಗಳಲ್ಲಿ ಮತ್ತೆ ಅದೇ ವಾರ್ಡಿಗೆ ಬಂದ ಪ್ರಕರಣವನ್ನು ಇಲ್ಲಿ ಬರೆದಿದ್ದೇನೆ. ರೋಗಿಯ ಮತ್ತು ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಾಯಿಸಿದ್ದೇನೆ. ವಾರ್ಡಿನಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ಇಲ್ಲಿಯೂ ಅವರು ‘ಅಮ್ಮ’.

ಹಿನ್ನೆಲೆ

ಅಮ್ಮನಿಗೆ 63 ವರ್ಷ. ಉಡುಪಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿಯಲ್ಲಿ ಸೊಸೆ ಮತ್ತು ಶಾಲೆಗೆ ಹೋಗುವ ಮೊಮ್ಮಗಳ ಜೊತೆ ಇದ್ದಾರೆ. ಗಂಡ ಮಲ್ಪೆಯ ದೋಣಿಗಳಲ್ಲಿ ದುಡಿದು ತೀರಿಕೊಂಡವರು. ಮಗ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾರೆ. ಅಮ್ಮ ಹದಿನಾರನೆಯ ವಯಸ್ಸಿನಿಂದ ಬೀಡಿ ಕಟ್ಟಿದವರು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಹಳೆಯವು. ಮೂರು ವರ್ಷಗಳ ಹಿಂದೆ ಒಂದು ರಾತ್ರಿ ಎದೆ ಉರಿದು ಮೈಯೆಲ್ಲ ಬೆವರಿದ್ದನ್ನು ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿದು ಮಲಗಿದ್ದರಂತೆ. ಅದು ಹೃದಯಾಘಾತವಾಗಿತ್ತೆಂಬುದು ಈ ಸಲ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಮಾಡಿದ ಮೇಲೆ ಗೊತ್ತಾಯಿತು.

ಮೇ ಕೊನೆಯ ವಾರ ಅವರನ್ನು ಕರೆತಂದಾಗ ಮಲಗಲು ಆಗುತ್ತಿರಲಿಲ್ಲ. ನಾಲ್ಕು ರಾತ್ರಿ ಚಾವಡಿಯ ಕಂಬಕ್ಕೆ ಒರಗಿ ಕುಳಿತೇ ಕಳೆದಿದ್ದರು. ಎರಡೂ ಕಾಲು ಮೊಣಕಾಲಿನವರೆಗೆ ಬೀಗಿದ್ದವು. ಎಕೋದಲ್ಲಿ ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣ ಶೇ 28 ಎಂದು ಬಂತು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಶೇ 55ಕ್ಕಿಂತ ಹೆಚ್ಚು. ಐದು ದಿನ ರಕ್ತನಾಳದ ಮೂಲಕ, ಮೂತ್ರ ಹೆಚ್ಚಿಸಿ ನೀರಿಳಿಸುವ ಔಷಧ ಫ್ಯೂರೋಸಿಮೈಡ್ ಕೊಟ್ಟ ಮೇಲೆ ಸುಮಾರು 6 ಕಿಲೋ ಇಳಿದು, ಹೊರಡುವ ದಿನದ ತೂಕ 54.2 ಕಿಲೋ ಆಯಿತು. ಬೆಳಿಗ್ಗೆಗೊಂದು ಫ್ಯೂರೋಸಿಮೈಡ್ 40 ಮಿಲಿಗ್ರಾಂ, ಜೊತೆಗೆ ಮೆಟೊಪ್ರೊಲಾಲ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್ ಬರೆದುಕೊಟ್ಟರು. ಔಷಧದ ಮಟ್ಟಿಗೆ ಹೇಳುವುದಾದರೆ, ಇಂದು ಹೃದಯ ವೈಫಲ್ಯಕ್ಕೆ, ಅಂದರೆ ಹೃದಯ ಸಾಕಷ್ಟು ರಕ್ತ ಪಂಪು ಮಾಡಲಾಗದ ಈ ಕಾಯಿಲೆಗೆ, ಸಿಗಬೇಕಾದ ನಾಲ್ಕೂ ಬಗೆಯ ಆಧಾರ ಔಷಧಗಳು ಅವರಿಗೆ ಸಿಕ್ಕಿದ್ದವು.

ತಿಳಿವಳಿಕೆ ಹೇಳಿದ್ದು ಹೊರಡುವ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಮಗ ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದರು. ಕೆಳಗೆ ಬಾಡಿಗೆ ರಿಕ್ಷಾ ಕಾಯುತ್ತಿತ್ತು. ಉಪ್ಪು ಕಡಿಮೆ ಮಾಡಿ, ನೀರು ದಿನಕ್ಕೆ ಒಂದೂವರೆ ಲೀಟರ್ ಮೀರಬಾರದು, ದಿನಾ ತೂಕ ನೋಡಿ, ಮಾತ್ರೆ ಬಿಡಬೇಡಿ, ಕಾಲು ಬೀಗಿದರೆ ಬನ್ನಿ ಎಂದು ಇಪ್ಪತ್ತು ನಿಮಿಷ ಹೇಳಿದೆ. ಕನ್ನಡದ ಕರಪತ್ರವನ್ನೂ ಕೊಟ್ಟೆ. “ಅರ್ಥ ಆಯಿತಾ ಅಮ್ಮ?” ಎಂದಾಗ “ಆಯಿತು ಸಿಸ್ಟರ್” ಎಂದರು. ಕಡತದಲ್ಲಿ ‘ತಿಳಿವಳಿಕೆ ನೀಡಲಾಗಿದೆ’ ಎಂಬುದರ ಮುಂದೆ ಗುರುತು ಹಾಕಿದೆ.

ಹತ್ತೊಂಬತ್ತು ದಿನ

ಜೂನ್ ಮೂರನೆಯ ವಾರದ ಒಂದು ರಾತ್ರಿ, ಜಡಿಮಳೆಯಲ್ಲಿ, ಅಮ್ಮ ಮರಳಿ ಬಂದರು. ತೂಕ 58.6 ಕಿಲೋ. ‘ಪಥ್ಯ ಮತ್ತು ಔಷಧ ಸರಿಯಾಗಿ ಪಾಲಿಸಿಲ್ಲ’ ಎಂದು ಕಡತದಲ್ಲಿ ಬರೆಯಲಾಯಿತು. ಮರುದಾಖಲಾದವರ ಕಡತಗಳಲ್ಲಿ ಈ ವಾಕ್ಯವನ್ನು ನಾನು ಎಷ್ಟೋ ಸಲ ಓದಿದ್ದೇನೆ, ಬರೆದದ್ದೂ ಇದೆ. ತಪ್ಪನ್ನು ಪೂರ್ತಿಯಾಗಿ ರೋಗಿಯ ತಲೆಗೆ ಕಟ್ಟಿ ಮುಂದಿನ ಹಾಸಿಗೆಗೆ ಹೋಗಲು ಅನುಕೂಲವಾದ ವಾಕ್ಯ ಅದು.

ಉಸಿರಾಟ ತಹಬಂದಿಗೆ ಬಂದ ನಾಲ್ಕನೆಯ ದಿನದ ಮಧ್ಯಾಹ್ನ, ಮಗ ಮುಂಬಯಿಗೆ ಹೋಗಿದ್ದರಿಂದ ಸೊಸೆ ಮೊದಲ ಬಾರಿಗೆ ವಾರ್ಡಿಗೆ ಬಂದಿದ್ದರು. ಅಡುಗೆ ಮಾಡುವವರು, ಮಾತ್ರೆ ತೆಗೆದುಕೊಡುವವರು ಅವರೇ ಎಂಬುದು ನನಗೆ ತಿಳಿದದ್ದೂ ಅಂದೇ. ನಾನು ಹೇಳಿದ್ದೆಲ್ಲ ಕೇಳಿಸಿಕೊಂಡಿದ್ದ ಮಗ ಮೂರನೆಯ ದಿನಕ್ಕೆ ರೈಲು ಹತ್ತಿದ್ದರು. ಕರಪತ್ರ ಅವರ ಚೀಲದಲ್ಲಿಯೇ ಉಳಿದಿತ್ತು.

ಮನೆಯ ದಿನಚರಿಯನ್ನು ಬೆಳಗಿನಿಂದ ರಾತ್ರಿಯವರೆಗೆ ಸುಮ್ಮನೆ ಹೇಳಿ ಎಂದು ಕೇಳಿಕೊಂಡೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹಸಿ ಮೀನು ಅಪರೂಪ, ಸಿಕ್ಕಿದರೂ ದುಬಾರಿ. ಆ ಎರಡು ತಿಂಗಳಿಗೆಂದೇ ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ನಂಗು ಮೀನು, ಒಣಸಿಗಡಿಯ ಚಟ್ನಿ, ಭರಣಿಯಲ್ಲಿ ಉಪ್ಪುನೀರಿಗೆ ಹಾಕಿದ ಮಾವಿನಕಾಯಿ, ಹಲಸಿನ ತೊಳೆ ಮನೆಯಲ್ಲಿದ್ದವು. ಸೊಸೆ ಸಾರಿಗೆ ಹಾಕುವ ಉಪ್ಪನ್ನು ನಿಜಕ್ಕೂ ಅರ್ಧ ಮಾಡಿದ್ದರು. ಸಾರು ಸಪ್ಪೆಯಾದದ್ದರಿಂದಲೇ ಅಮ್ಮ ಗಂಜಿಯ ಬದಿಗೆ ಒಣಮೀನನ್ನೂ ಉಪ್ಪಿನಕಾಯಿಯನ್ನೂ ಮೊದಲಿಗಿಂತ ಹೆಚ್ಚು ಹಾಕಿಸಿಕೊಳ್ಳುತ್ತಿದ್ದರು. ನನ್ನ ‘ಉಪ್ಪು ಕಡಿಮೆ ಮಾಡಿ’ ಎಂಬ ಮಾತು ಪಾಲನೆಯಾಗಿತ್ತು. ಉಪ್ಪು ಮಾತ್ರ ಹೆಚ್ಚಾಗಿತ್ತು.

ನೀರಿನ ವಿಷಯವೂ ಹಾಗೆಯೇ. ಕುಡಿಯುವ ನೀರನ್ನು ಅಮ್ಮ ಬಾಟಲಿಯಲ್ಲಿ ಅಳೆದೇ ಕುಡಿದಿದ್ದರು. ಆದರೆ ದಿನಕ್ಕೆ ಎರಡು ಹೊತ್ತು ಕುಚ್ಚಲಕ್ಕಿ ಗಂಜಿ, ಅದರ ತಿಳಿ, ಸಂಜೆಯ ಚಹಾ, ‘ಗ್ಯಾಸಿಗೆ’ ಕುಡಿಯುವ ಕಷಾಯ ಇವು ಯಾವುವೂ ಅವರ ಲೆಕ್ಕದಲ್ಲಿ ನೀರಲ್ಲ. ಗಂಜಿ ಊಟ, ಕಷಾಯ ಮದ್ದು. ಊಟವನ್ನು ಯಾರಾದರೂ ನೀರಿನ ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಇನ್ನೆರಡು ಸಂಗತಿಗಳನ್ನು ಸೊಸೆ ಹಿಂಜರಿಯುತ್ತ ಹೇಳಿದರು. ಮೊಣಕಾಲು ನೋವಿಗೆ ಪೇಟೆಯ ಮೆಡಿಕಲ್‌ನಿಂದ ತಂದ ಅಸಿಕ್ಲೋಫೆನಾಕ್ ಮಾತ್ರೆಯನ್ನು ಅಮ್ಮ ಒಂದು ವಾರ ನುಂಗಿದ್ದರು. ಆ ವರ್ಗದ ನೋವಿನ ಮಾತ್ರೆಗಳು ಮೂತ್ರಪಿಂಡ ಉಪ್ಪು, ನೀರನ್ನು ಹೊರಹಾಕದಂತೆ ಮಾಡಿ ಹೃದಯ ವೈಫಲ್ಯವನ್ನು ಕೆರಳಿಸುತ್ತವೆಂದು ನಾನು ಹೇಳಿರಲೇ ಇಲ್ಲ. ಮತ್ತೊಂದು, ಬಸ್ಸು ಹತ್ತಬೇಕಾದ ದಿನಗಳಲ್ಲಿ ಅವರು ಮೂತ್ರದ ಮಾತ್ರೆ ಬಿಡುತ್ತಿದ್ದರು. ದಾರಿಯಲ್ಲಿ ಹೆಂಗಸರು ಎಲ್ಲಿಗೆ ಹೋಗಬೇಕು? ಇದನ್ನು ನಿರ್ಲಕ್ಷ್ಯ ಎನ್ನಲು ನನಗೆ ನಾಲಿಗೆ ಬರಲಿಲ್ಲ.

ಇಷ್ಟಾದರೂ ಮೂಲ ಬೇರೆಯೇ ಇತ್ತು. ತೂಕ ಯಾಕೆ ನೋಡಲಿಲ್ಲ ಎಂದು ಕೇಳಿದಾಗ ಅಮ್ಮ ತುಳುವಿನಲ್ಲಿ “ನೀರ್ ಪೋಂಡತ್ತಾ, ಗುಣ ಆಂಡ್” ಎಂದರು. ನೀರು ಹೋಯಿತಲ್ಲ, ಗುಣವಾಯಿತು. ಇನ್ನು ತೂಕ ನೋಡುವುದು ಯಾತಕ್ಕೆ? ಈ ನಂಬಿಕೆಯನ್ನು ಅವರಿಗೆ ಕೊಟ್ಟವರು ನಾವೇ. ನಮ್ಮ ಕಡೆ ‘ಹಾರ್ಟ್ ಫೇಲ್ ಆಯಿತು’ ಎಂದರೆ ಮನುಷ್ಯ ತೀರಿಹೋದ ಎಂದೇ ಅರ್ಥ. ಆದ್ದರಿಂದ ವಾರ್ಡಿನಲ್ಲಿ ಕಾಯಿಲೆಯ ಹೆಸರು ಹೇಳಲು ಹೆದರಿ, ‘ಹೃದಯ ಸ್ವಲ್ಪ ವೀಕ್, ನೀರು ತುಂಬಿದೆ, ತೆಗೆಯುತ್ತೇವೆ’ ಎಂದು ನಯವಾಗಿ ಹೇಳಿ ಮುಗಿಸುವುದು ನಮಗೆ ರೂಢಿ. ನೀರು ತುಂಬಿದ್ದೇ ಕಾಯಿಲೆಯಾದರೆ ನೀರು ತೆಗೆದ ಮೇಲೆ ಕಾಯಿಲೆ ಉಳಿಯುವುದೆಲ್ಲಿ? ಅಮ್ಮನ ತರ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ.

ಬೀಡಿಯ ಪುಸ್ತಕ

ಅದೇ ಮಧ್ಯಾಹ್ನ ನಡೆದ ಒಂದು ಸಣ್ಣ ಘಟನೆ ಮುಂದಿನ ದಾರಿ ತೋರಿಸಿತು. ಬರುವ ದಾರಿಯಲ್ಲಿ ಬೀಡಿ ಬ್ರಾಂಚಿಗೆ (ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ಪಡೆಯುವ ಕೇಂದ್ರ) ಹೋಗಿದ್ದ ಸೊಸೆ, ಚೀಲದಿಂದ ಪುಸ್ತಕ ತೆಗೆದು ಅತ್ತೆಯ ಕೈಗೆ ಕೊಟ್ಟರು. ದಿನಾಂಕ, ಕೊಟ್ಟ ಎಲೆಯ ತೂಕ, ಹೊಗೆಸೊಪ್ಪಿನ ತೂಕ, ತಂದ ಬೀಡಿಯ ಸಂಖ್ಯೆ ಎಂದು ಸಾಲುಗಳು. ಅಮ್ಮ ಬೆರಳಿಟ್ಟು ಕೆಳಗೆ ಸರಿಯುತ್ತ ಬಂದು ಒಂದು ಕಡೆ ನಿಂತರು: ಎಲೆ ಐವತ್ತು ಗ್ರಾಂ ಕಡಿಮೆ ಬರೆದಿದ್ದಾರೆ, ನಾಳೆ ಕೇಳು ಎಂದರು. ನಮ್ಮ ಕಡತದಲ್ಲಿ ಇವರು ‘ಅನಕ್ಷರಸ್ಥೆ’. ಅಕ್ಷರ ಬಾರದಿದ್ದರೂ ಅಂಕಿ ಬರುತ್ತದೆ, ಅದೂ ಗ್ರಾಮಿನ ಲೆಕ್ಕದಲ್ಲಿ ನಾಲ್ಕು ದಶಕ ಪಳಗಿದ ಕಣ್ಣು ಎಂಬುದನ್ನು ನಾವು ವಿಚಾರಿಸಿಯೇ ಇರಲಿಲ್ಲ.

ಮರುದಿನ ವೈದ್ಯರೊಡನೆ ಕುಳಿತು ಕೆಲವು ತೀರ್ಮಾನ ಮಾಡಿದೆವು. ಮೊದಲನೆಯದು, ಕಾಯಿಲೆಯ ಹೆಸರನ್ನು ಮುಚ್ಚಿಡದೆ ಹೇಳುವುದು. ವೈದ್ಯರು ತೋಟದ ಪಂಪಿನ ಮಾತು ತೆಗೆದರು: ಕರೆಂಟು ಡಿಮ್ ಆದಾಗ ಪಂಪು ನಿಲ್ಲುವುದಿಲ್ಲ, ತಿರುಗುತ್ತಲೇ ಇರುತ್ತದೆ, ಆದರೆ ನೀರು ಮೇಲಿನ ಟಾಂಕಿಗೆ ಏರದೆ ಕೆಳಗೇ ನಿಲ್ಲುತ್ತದೆ, ನಿಮ್ಮ ಹೃದಯ ನಿಂತಿಲ್ಲ, ಡಿಮ್ ಆಗಿದೆ, ನಿಂತ ನೀರನ್ನು ನಾವು ಬಳಿದು ತೆಗೆದೆವು, ವೋಲ್ಟೇಜು ಇನ್ನೂ ಕಡಿಮೆಯೇ ಇದೆ. ಅಮ್ಮ ತುಸು ಹೊತ್ತು ಸುಮ್ಮನಿದ್ದು, “ಹಾಗಾದರೆ ಮಾತ್ರೆ ಯಾವಾಗಲೂ ಬೇಕು” ಎಂದರು. ಅದನ್ನು ನಾವು ಹೇಳುವ ಮೊದಲೇ ಅವರು ಹೇಳಿದ್ದು ನನಗೆ ಸಮಾಧಾನ ತಂದಿತು.

ಎರಡನೆಯದು, ಹೇಳಿಕೊಡುವುದನ್ನು ಹೊರಡುವ ದಿನಕ್ಕೆ ಇಟ್ಟುಕೊಳ್ಳದೆ ಮೂರು ದಿನಕ್ಕೆ ಹಂಚಿ, ದಿನಕ್ಕೊಂದೇ ವಿಷಯ, ಅದೂ ಸೊಸೆ ಬರುವ ಹೊತ್ತಿಗೆ, ತುಳುವಿನಲ್ಲಿ ಹೇಳುವುದು. ‘ಅರ್ಥ ಆಯಿತಾ’ ಎಂಬ ಪ್ರಶ್ನೆಯನ್ನು ಬಿಟ್ಟುಬಿಟ್ಟೆವು. ಅದಕ್ಕೆ ಹೌದೆನ್ನದವರನ್ನು ನಾನು ಕಂಡಿಲ್ಲ. ಅದರ ಬದಲು “ನಾಳೆ ನಿಮ್ಮ ನಾದಿನಿ ಫೋನ್ ಮಾಡಿ ಅಮ್ಮನಿಗೆ ಏನು ಕೊಡಬಾರದು ಎಂದು ಕೇಳಿದರೆ ಹೇಗೆ ಹೇಳುತ್ತೀರಿ?” ಎಂದು ಕೇಳಿ ಅವರಿಂದಲೇ ಹೇಳಿಸಿದೆವು. ತಪ್ಪಿದ್ದನ್ನು ತಿದ್ದಿ ಮತ್ತೊಮ್ಮೆ ಹೇಳಿಸಿದೆವು.

ಉಪ್ಪಿನ ಬಗ್ಗೆ ನಮ್ಮೊಳಗೇ ಸ್ವಲ್ಪ ಚರ್ಚೆಯಾಯಿತು. ಪೂರ್ತಿ ಸಪ್ಪೆ ಊಟ ಮಾಡಿಸಬೇಕೆಂಬ ಹಳೆಯ ಹಟ ಕೆಲವರಲ್ಲಿತ್ತು. 2022ರಲ್ಲಿ ಪ್ರಕಟವಾದ ‘ಸೋಡಿಯಂ-ಎಚ್‌ಎಫ್’ ಅಧ್ಯಯನ ಆರು ದೇಶಗಳ 806 ರೋಗಿಗಳಲ್ಲಿ ನಡೆದದ್ದು. ಉಪ್ಪಿನಲ್ಲಿರುವ ಸೋಡಿಯಂ ಅನ್ನು ದಿನಕ್ಕೆ 1,500 ಮಿಲಿಗ್ರಾಂಗಿಂತ ಕೆಳಗಿಳಿಸುವ ಗುರಿ ಇಟ್ಟುಕೊಂಡ ಕಟ್ಟುಪಥ್ಯದಿಂದ ಸಾವು, ಆಸ್ಪತ್ರೆ ಸೇರುವುದು ಮೊದಲಾದವು ಗಣನೀಯವಾಗಿ ಕಡಿಮೆಯಾಗಲಿಲ್ಲ. ಆದ್ದರಿಂದ ಇಡೀ ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಒಂದು ಚಹಾ ಚಮಚೆ ಉಪ್ಪು, ಸಾರಿನಲ್ಲಿ ನಾಲಿಗೆಗೆ ಹತ್ತುವಷ್ಟು ಇರಲಿ. ಒಣಮೀನು, ಭರಣಿಯ ಸಾಮಾನು, ಹಪ್ಪಳ ಮಾತ್ರ ತಟ್ಟೆಗೆ ಬರಬಾರದು ಎಂದು ಗೊತ್ತುಮಾಡಿದೆವು. ರುಚಿಗೆ ಹುಣಸೆಹುಳಿ, ಕಾಯಿಮೆಣಸು, ಬೆಳ್ಳುಳ್ಳಿ ಒಗ್ಗರಣೆ, ಮಜ್ಜಿಗೆ ಹಾಕದ ತಂಬುಳಿ ಎಂದು ಸೊಸೆಯೇ ಪಟ್ಟಿ ಹೇಳುತ್ತ ಹೋದರು. ದ್ರವದ ಮಿತಿಯನ್ನು ಮಾತ್ರ ವೈದ್ಯರು ಸಡಿಲಿಸಲಿಲ್ಲ, ಮೈಯಲ್ಲಿ ನೀರು ಹೆಚ್ಚಾಗಿ ರಕ್ತದಲ್ಲಿ ಸೋಡಿಯಂ ತೆಳುವಾಗಿ ಇಳಿದಿತ್ತು. ಹಾಗಾಗಿ ಗಂಜಿಯನ್ನು ಬಸಿದು ಅನ್ನದಂತೆ ಉಣ್ಣುವುದೆಂದಾಯಿತು. ಅಮ್ಮನಿಗೆ ಇದು ಎಲ್ಲಕ್ಕಿಂತ ಕಷ್ಟದ ತ್ಯಾಗ. ಅದನ್ನು ಮುಖದಲ್ಲೇ ತೋರಿಸಿದರು.

ಬಸ್ಸಿನ ದಿನಗಳಿಗೂ ದಾರಿ ಸಿಕ್ಕಿತು. ನುಂಗಿದ ಫ್ಯೂರೋಸಿಮೈಡ್ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಆರರಿಂದ ಎಂಟು ಗಂಟೆ ನಡೆಸುತ್ತದೆ. ಬೆಳಿಗ್ಗೆ ಹೊರಹೋಗುವುದಿದ್ದರೆ ಮಾತ್ರೆ ಬಿಡುವುದು ಬೇಡ, ಮರಳಿ ಬಂದು ಮಧ್ಯಾಹ್ನ ಎರಡರ ಹೊತ್ತಿಗೆ ತೆಗೆದುಕೊಳ್ಳಿ ಎಂದರು ವೈದ್ಯರು. ಮೊಣಕಾಲಿಗೆ ಪ್ಯಾರಾಸಿಟಮಾಲ್, ಬಿಸಿನೀರಿನ ಶಾಖ.

ಕೊನೆಯದು ಪುಸ್ತಕ. ನೂರು ಪುಟದ ಶಾಲಾ ನೋಟ್‌ಬುಕ್ಕಿಗೆ ಬೀಡಿ ಪುಸ್ತಕದಂತೆಯೇ ಗೀಟು ಎಳೆದೆ: ದಿನಾಂಕ, ತೂಕ, ರಾತ್ರಿ ಇಟ್ಟುಕೊಂಡ ದಿಂಬುಗಳ ಸಂಖ್ಯೆ (ಮಲಗಿದಾಗ ಉಸಿರುಕಟ್ಟಿದಷ್ಟೂ ದಿಂಬು ಹೆಚ್ಚು ಬೇಕಾಗುತ್ತದೆ), ಮಾತ್ರೆ. ಮೊದಲ ಪುಟದ ನೆತ್ತಿಯಲ್ಲಿ ಅವರ ನೀರಿಳಿದ ತೂಕ 54.0. ಮೂರು ದಿನದಲ್ಲಿ 2 ಕಿಲೋ ಏರಿದರೆ ಅಂದೇ ಫೋನು. ಜೊತೆಗೆ ಮಧ್ಯಾಹ್ನ ಇನ್ನೊಂದು ಫ್ಯೂರೋಸಿಮೈಡ್, ಹೆಚ್ಚೆಂದರೆ ಮೂರು ದಿನ. ವಾಂತಿ, ಭೇದಿ, ತಲೆಸುತ್ತು ಬಂದರೆ ಅಥವಾ ತೂಕ 52ಕ್ಕಿಂತ ಇಳಿದರೆ ಹೆಚ್ಚಿನ ಮಾತ್ರೆ ಇಲ್ಲ, ಬರೀ ಫೋನು. ಇದು ಅವರ ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರು ಅವರೊಬ್ಬರಿಗೇ ಬರೆದ ಕ್ರಮ, ಎಲ್ಲರಿಗೂ ಹೊಂದುವುದಲ್ಲ. ಯಾವ ನಂಬರಿಗೆ ಫೋನು ಎಂಬ ಪ್ರಶ್ನೆ ನಮಗೇ ತಲೆನೋವಾಯಿತು. ಆಸ್ಪತ್ರೆಯ ಸಾಮಾನ್ಯ ನಂಬರಿಗೆ ಮಾಡಿದರೆ ‘ಓಪಿಡಿಗೆ ಬನ್ನಿ’ ಎಂಬ ಒಂದೇ ಉತ್ತರ. ಕೆಲವು ಗೊಣಗಾಟಗಳ ನಂತರ ವಾರ್ಡಿನ ಕರ್ತವ್ಯದ ಶುಶ್ರೂಷಕಿಯ ಮೊಬೈಲು ಅದಕ್ಕೆ ಮೀಸಲಾಯಿತು.

ಮನೆಯಲ್ಲಿ ನಡೆದದ್ದು

ಮೊದಲ ವಾರದ ಅಂಕಿಗಳು ಹುಚ್ಚುಹುಚ್ಚಾಗಿದ್ದವು: 54.1, 55.6, 53.8, 55.2. ಸೊಸೆ ಗಾಬರಿಯಾಗಿ ಎರಡು ಸಲ ಫೋನು ಮಾಡಿದರು. ರಜೆಯ ದಿನ ನಾನೇ ಆ ಕಡೆ ಹೋದೆ. ತೂಕದ ಯಂತ್ರ ಚಾವಡಿಯ ಹಳೆಯ ಕಾವಿ ನೆಲದ ಮೇಲಿತ್ತು. ಕಣ್ಣಿಗೆ ಸಮತಟ್ಟು, ಕೈಯಿಟ್ಟು ಒತ್ತಿದರೆ ಒಂದು ಕಾಲು ಟಕ್ಕೆಂದು ಅಲುಗುತ್ತಿತ್ತು. ಒಂದಡಿ ಆಚೆ ಸರಿಸಿದರೆ ಒಂದು ಕಿಲೋ ವ್ಯತ್ಯಾಸ. ಬಚ್ಚಲಿನ ಹೊರಗೆ ಬಟ್ಟೆ ಒಗೆಯಲು ಹಾಕಿದ್ದ ಗ್ರಾನೈಟ್ ತುಂಡನ್ನು ಒಳತಂದು, ಮರಳು ಹಾಸಿ ಕೂರಿಸಿ, ಅದರ ಮೇಲೆ ಯಂತ್ರವಿಟ್ಟು, ಮೊಮ್ಮಗಳು ಬಣ್ಣದ ಚಾಕಿನಿಂದ ಪಾದಗಳ ಗುರುತು ಬರೆದಳು. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಚಹಾಕ್ಕೆ ಮೊದಲು, ಅದೇ ತೆಳು ಸೀರೆಯಲ್ಲಿ. ಮರುದಿನದಿಂದ ಅಂಕಿಗಳು ಸಾಲಿಗೆ ಬಂದವು. ‘ದಿನಾ ತೂಕ ನೋಡಿ’ ಎಂದು ಎಷ್ಟು ಜನರಿಗೆ ಹೇಳಿದ್ದೇನೆ, ಯಂತ್ರ ಎಲ್ಲಿಡುತ್ತೀರೆಂದು ಒಬ್ಬರಿಗೂ ಕೇಳಿರಲಿಲ್ಲ.

ಜುಲೈ ನಡುವಿನಲ್ಲಿ ನಿಜವಾದ ಪರೀಕ್ಷೆ ಬಂತು. ಸಂಬಂಧಿಕರ ಮನೆಯ ಬೊಜ್ಜಕ್ಕೆ (ಉತ್ತರಕ್ರಿಯೆಯ ಊಟಕ್ಕೆ) ಹೋಗಿ ಬಂದ ಮೇಲೆ ತೂಕ 54.1ರಿಂದ 54.9, 55.6, ನಾಲ್ಕನೆಯ ಬೆಳಿಗ್ಗೆ 56.3. ಅಮ್ಮನಿಗೆ ಉಬ್ಬಸವಿರಲಿಲ್ಲ, ಕಾಲು ಬೀಗಿರಲಿಲ್ಲ. “ಏನೂ ಆಗಲಿಲ್ಲ, ಸಿಸ್ಟರಿಗೆ ಯಾಕೆ ತೊಂದರೆ” ಎಂದು ಅವರು ತಡೆದರಂತೆ. ಸೊಸೆ ಪುಸ್ತಕವನ್ನು ಎದುರಿಗಿಟ್ಟು, “ಅತ್ತೆ, ಬ್ರಾಂಚಿನವ ಐವತ್ತು ಗ್ರಾಂ ತಪ್ಪಿದರೆ ನೀವು ಬಿಡುತ್ತೀರಾ? ಇದು ಎರಡು ಕಿಲೋ ಇನ್ನೂರು ಗ್ರಾಂ” ಎಂದು ಹೇಳಿ ಏಳು ಗಂಟೆಗೆ ಫೋನು ಮಾಡಿದರು. ವೈದ್ಯರೊಡನೆ ಮಾತಾಡಿ ಬರೆದಿಟ್ಟ ಕ್ರಮವನ್ನೇ ಮುಂದುವರಿಸಲು ಹೇಳಿದೆವು. ನಾಲ್ಕನೆಯ ದಿನಕ್ಕೆ 54.3. ಕಾಲು ಬೀಗಿದರೆ ಬನ್ನಿ ಎಂಬ ನನ್ನ ಮೊದಲಿನ ಸೂಚನೆಯನ್ನೇ ಅವರು ನೆಚ್ಚಿಕೊಂಡಿದ್ದರೆ ಆ ಬೆಳಿಗ್ಗೆ ಫೋನು ಬರುತ್ತಿರಲಿಲ್ಲ.

ಆಗಸ್ಟಿನಲ್ಲಿ ಮತ್ತೊಂದು ಎಡವಟ್ಟು ನಮ್ಮ ಅರ್ಧ ಮಾತಿನಿಂದಲೇ ಆಯಿತು. ತಾಯಿಗೆ ಸೋಡಿಯಂ ಆಗದು ಎಂದು ಕೇಳಿದ್ದ ಮಗ ಮುಂಬಯಿಯಿಂದ ‘ಲೋ ಸೋಡಿಯಂ’ ಉಪ್ಪಿನ ಪೊಟ್ಟಣಗಳನ್ನು ಕಳುಹಿಸಿದ್ದರು. ಇಂಥ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಅಮ್ಮ ನುಂಗುವ ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಎರಡೂ ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುವಂಥವು. ಸಾಲದ್ದಕ್ಕೆ ಮಳೆ ಬಿಟ್ಟ ದಿನಗಳಲ್ಲಿ ತೋಟದ ಬೊಂಡ (ಎಳನೀರು), ಅದರಲ್ಲಿಯೂ ಪೊಟ್ಯಾಸಿಯಂ. ವಾಡಿಕೆಯ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.7 ಬಂತು. ಅದು ಇನ್ನೂ ಏರಿದ್ದರೆ ಹೃದಯದ ಲಯವೇ ತಪ್ಪುವ ಅಪಾಯ. ಇಸಿಜಿ ಸರಿಯಿತ್ತು, ಸ್ಪೈರೊನೊಲ್ಯಾಕ್ಟೋನ್ ಅರ್ಧಕ್ಕಿಳಿಸಿ, ಆ ಉಪ್ಪನ್ನೂ ಬೊಂಡವನ್ನೂ ನಿಲ್ಲಿಸಿದ ಮೇಲೆ ವಾರದಲ್ಲಿ 4.8. ಮಗನನ್ನು ಯಾರೂ ದೂರಲಿಲ್ಲ. ಉಪ್ಪಿನ ಬದಲಿಗೆ ಉಪ್ಪಿನಂಥದ್ದು ಬೇಡ ಎಂಬ ಮಾತು ಈಗ ನನ್ನ ಎರಡನೆಯ ದಿನದ ಪಾಠದಲ್ಲಿ ಸೇರಿದೆ.

ಎರಡನೆಯ ಬಿಡುಗಡೆಯಿಂದ ಜನವರಿ ಕೊನೆಯವರೆಗೆ, ಸುಮಾರು ಏಳು ತಿಂಗಳು, ಹೃದಯ ವೈಫಲ್ಯಕ್ಕಾಗಿ ಅಮ್ಮ ಆಸ್ಪತ್ರೆ ಸೇರಲಿಲ್ಲ. ಡಿಸೆಂಬರಿನ ಎಕೋದಲ್ಲಿ ಶೇ 34 ಬಂತು. ಇದರಲ್ಲಿ ಪಾಠದ ಪಾಲೆಷ್ಟು, ಹಂತಹಂತವಾಗಿ ಏರಿಸಿದ ಮೆಟೊಪ್ರೊಲಾಲಿನ ಪಾಲೆಷ್ಟು, ಮಳೆಗಾಲ ಮುಗಿದು ಹಸಿ ಮೀನು ಬಂದದ್ದರ ಪಾಲೆಷ್ಟು ಎಂದು ಒಬ್ಬರನ್ನು ನೋಡಿ ಬಿಡಿಸಿ ಹೇಳಲಾಗದು. ಮಾತ್ರೆಗಳು ತಪ್ಪದೆ ಹೊಟ್ಟೆ ಸೇರಿದ್ದಕ್ಕೂ ಆ ಪಾಠಕ್ಕೂ ಸಂಬಂಧವಿದೆ ಎಂದಷ್ಟೇ ನನ್ನ ಅಭಿಪ್ರಾಯ.

ಈ ಪ್ರಕರಣದ ನಂತರ ನಮ್ಮ ವಾರ್ಡಿನಲ್ಲಿ, ರೋಗಿ ದಾಖಲಾದ ಎರಡನೆಯ ದಿನವೇ ‘ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ಲೆಕ್ಕ ಯಾರು ಬರೆಯುತ್ತಾರೆ’ ಎಂದು ಕೇಳಿ ಕಡತದಲ್ಲಿ ಬರೆಯುತ್ತೇವೆ. ‘ಪಾಲಿಸಿಲ್ಲ’ ಎಂದು ಬರೆಯುವುದಾದರೆ ಏನನ್ನು, ಯಾವ ಕಾರಣಕ್ಕೆ ಎಂಬುದನ್ನೂ ಬರೆಯಬೇಕು. ಆದರೆ ಒಂದು ವಿಷಯದಲ್ಲಿ ನನಗೆ ಈಗಲೂ ನೆಮ್ಮದಿಯಿಲ್ಲ. ನಾವು ಮನೆಯ ಆರೈಕೆ ಎಂದು ಕರೆದದ್ದರ ಬಹುಪಾಲನ್ನು ಹೊತ್ತವರು ಸೊಸೆ. ಅದಕ್ಕಾಗಿ ಅವರು ಗೇರುಬೀಜದ ಕಾರ್ಖಾನೆಯ ಕೆಲಸವನ್ನು ಆರು ತಿಂಗಳು ಬಿಟ್ಟಿದ್ದರು. ಆ ಸಂಬಳದ ಲೆಕ್ಕ ನಮ್ಮ ಯಾವ ಕಾಗದದಲ್ಲಿಯೂ ಇಲ್ಲ.

ಜನವರಿಯಲ್ಲಿ ಅವರು ಮತ್ತೆ ಕಾರ್ಖಾನೆಗೆ ಹೋಗತೊಡಗಿದರು. ತೂಕ ನೋಡುವ ಹೊತ್ತು ಆರು ಗಂಟೆಗೆ ಬಂದಿದೆ. ಮೊಮ್ಮಗಳು ಟಾರ್ಚು ಬಿಟ್ಟು ಅಂಕಿ ಓದುತ್ತಾಳೆ, ಅಮ್ಮ ತಾವೇ ಬರೆಯುತ್ತಾರೆ. ಕಳೆದ ಸಲ ಓಪಿಡಿಗೆ ತಂದ ಪುಸ್ತಕದಲ್ಲಿ ಎರಡು ದಿನದ ಮುಂದೆ ತೂಕವಿರಲಿಲ್ಲ, ಉದ್ದ ಗೀಟು ಮಾತ್ರ. ಕೇಳಿದಾಗ, ತಮ್ಮನ ಮನೆಯ ಕೋಲಕ್ಕೆ (ದೈವಾರಾಧನೆಗೆ) ಹೋಗಿದ್ದೆ, ಅಲ್ಲಿ ಯಂತ್ರವಿಲ್ಲ, ನೋಡದ್ದನ್ನು ಬರೆಯುವುದು ಹೇಗೆ ಎಂದರು. ಮಾತ್ರೆಯ ಸಾಲಿನಲ್ಲಿ ಆ ಎರಡು ದಿನವೂ ಗುರುತಿತ್ತು. ಅದರ ಕೆಳಗಿನ ಸಾಲಿನಲ್ಲಿ 54.6.